ದೇವರ ಮುಂದಿನ ತಂಬಿಗೆ

ಆದವಾನಿಯ ಕೋಟೆ ಕೆಳಗಿನ ಓಣಿಯಲ್ಲಿ ವೆಂಕೂಬಾಯಿ ಹನ್ನೊಂದು ವರ್ಷ ಅನ್ನ ಮಾರಿದಳು. ಆದರೆ ಮಾರುತ್ತೇನೆ ಎಂದು ಆಕೆ ಅನ್ನಲಿಲ್ಲ, ಕೊಳ್ಳುತ್ತೇವೆ ಎಂದು ಉಂಡವರೂ ಅನ್ನಲಿಲ್ಲ. ಹತ್ತಿ ಮಂಡಿಯ ಗುಮಾಸ್ತರು, ಹೈಸ್ಕೂಲಿನ ಮೇಷ್ಟ್ರುಗಳು, ಮುನಿಸಿಪಾಲಿಟಿಯಲ್ಲಿ ಕಾರಕೂನನಾಗಿದ್ದ ರಾಘಣ್ಣ, ಹೀಗೆ ಹನ್ನೆರಡು ಮಂದಿ ಎರಡು ಹೊತ್ತೂ ಬಂದು ಪಡಸಾಲೆಯಲ್ಲಿ ಸಾಲಾಗಿ ಕೂತು ಉಣ್ಣುವರು. ತಿಂಗಳ ಮೊದಲ ದಿನ ಕೈ ತೊಳೆದ ಮೇಲೆ ದೇವರ ಮುಂದಿನ ತಾಮ್ರದ ತಂಬಿಗೆಯಲ್ಲಿ ತಮಗೆ ಸರಿ ಕಂಡಷ್ಟು ಹಾಕಿ ಹೋಗುವರು. ಸರಿಯಾಗಿ ಆ ಹೊತ್ತಿಗೇ ವೆಂಕೂಬಾಯಿಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಗುವುದು. ಯಾರು ಎಷ್ಟು ಹಾಕಿದರೆಂದು ಆಕೆ ನೋಡಿದವಳಲ್ಲ. ನೋಡಿದ್ದರೆ ಅದು ವ್ಯಾಪಾರವಾಗುತ್ತಿತ್ತು.

ಅನ್ನ ಮಾರುವುದು ಆಕೆಯ ಜನರಲ್ಲಿ ಪಾಪ. ಮೇಲಾಗಿ ಆ ಮನೆ ಆಕೆಯದಲ್ಲ, ಸತ್ತ ಗಂಡನ ಅಣ್ಣ ಸೇತುಮಾಧವರದು. ಅವರು ಪೆದ್ದಕಡುಬೂರಿನಲ್ಲಿ ಹೊಲ ನೋಡಿಕೊಂಡಿದ್ದರು. ಗಂಡ ಹೋದ ಮೇಲೆ ವೆಂಕೂಬಾಯಿ ನಾಲ್ಕು ವರ್ಷ ಅವರಲ್ಲಿದ್ದಳು. ಇದ್ದಳು ಎಂದರೆ ಒಲೆಯ ಮುಂದೆ ಇದ್ದಳು. ತವರಿಗೆ ಒಂದು ಕಾರ್ಡು ಬರೆಯಬೇಕೆಂದರೂ ರೊಕ್ಕಕ್ಕೆ ಓರಗಿತ್ತಿಯ ಮುಂದೆ ನಿಲ್ಲಬೇಕಿತ್ತು. ಆದವಾನಿಯ ಮನೆ ಖಾಲಿ ಬಿದ್ದಿದೆ, ನಾನು ಅಲ್ಲಿರುತ್ತೇನೆ ಎಂದು ಕೇಳಿಕೊಂಡಾಗ ಭಾವ ಒಪ್ಪಿದರು. ತಿಂಗಳಿಗೆ ಇಪ್ಪತ್ತೈದು ರೂಪಾಯಿ ಕಳಿಸಬೇಕು, ವರ್ಷಕ್ಕೊಮ್ಮೆ ಮಠದ ಸ್ವಾಮಿಗಳು ಭಿಕ್ಷೆಗೆ ಬರುವ ಮನೆಯಾದ್ದರಿಂದ ಅಲ್ಲಿ ಅನ್ನ ಮಾರಕೂಡದು, ಇವೆರಡೇ ಕರಾರು. ತಮ್ಮನ ಹೆಂಡತಿಯಿಂದ ಬಾಡಿಗೆ ತೆಗೆದುಕೊಂಡರು ಎನ್ನಿಸಿಕೊಳ್ಳಲೂ ಅವರಿಗೆ ನಾಚಿಕೆ. ಅದಕ್ಕೆ ಮನಿಯಾರ್ಡರಿನ ಕೆಳಗಿನ ಚೀಟಿಯಲ್ಲಿ ‘ದೇವರ ಕಾಣಿಕೆ’ ಎಂದು ಬರೆಯಲು ಹೇಳಿದ್ದರು. ಆಕೆ ಹಾಗೇ ಬರೆದು ಒಂದು ತಿಂಗಳೂ ತಪ್ಪದೆ ಕಳಿಸಿದಳು.

ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು ಬಂದು ಹನ್ನೆರಡು ತಟ್ಟೆ ಎಣಿಸಿ, ಹೋಟೆಲಿಗೆ ಲೈಸೆನ್ಸ್ ಎಲ್ಲಿ ಎಂದು ಕೇಳಿದ್ದ. ಆಗ ಆಕೆಯನ್ನು ಅಕ್ಕಾ ಎಂದೇ ಕರೆಯುತ್ತಿದ್ದ ರಾಘಣ್ಣ ಪ್ರೀತಿಗೆ ತೆಲುಗಿನಲ್ಲಿ ಒಂದು ಕಾಗದ ಬರೆದು, ಓದಿ ಹೇಳಿ, ಸಹಿ ಮಾಡಿಸಿ ತನ್ನ ಆಫೀಸಿಗೆ ಕೊಟ್ಟ. ‘ನಮ್ಮ ಮನೆಯಲ್ಲಿ ಅನ್ನ ಮಾರುವುದಿಲ್ಲ, ಉಣ್ಣುವವರೆಲ್ಲ ನಮ್ಮ ಬಳಗ’ ಎಂದಿತ್ತು ಅದರಲ್ಲಿ. ವೆಂಕೂಬಾಯಿಗೆ ಆ ದಿನ ಎಷ್ಟು ಹಿಗ್ಗೆಂದರೆ, ಎಲ್ಲರಿಗೂ ಹಯಗ್ರೀವ ಮಾಡಿ ಬಡಿಸಿದ್ದಳು. ತನ್ನ ಕಾಲಿಗೆ ತಾನೇ ಹಗ್ಗ ಕಟ್ಟಿಕೊಂಡು ಸಿಹಿ ಹಂಚಿದವಳು ಆಕೆಯೊಬ್ಬಳೇ ಇರಬೇಕು.

ಎಪ್ಪತ್ತೈದರ ಆಷಾಢದಲ್ಲಿ ಊರಿಗೆ ಕಾಲರಾ ಬಂತು. ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಗಳ ಹಿಂದಿನ ಗುಡಿಸಲುಗಳಲ್ಲಿ ಶುರುವಾದದ್ದು ವಾರದೊಳಗೆ ಪೇಟೆಗೆ ಹಬ್ಬಿತು. ದಿನಕ್ಕೆ ಎರಡು ಮೂರು ಹೆಣ. ಮಂಡಿ ನಿಂತಿತು, ಸ್ಕೂಲಿಗೆ ರಜೆ ಕೊಟ್ಟರು, ವೆಂಕೂಬಾಯಿಯ ಹನ್ನೆರಡು ಮಂದಿಯೂ ತಂತಮ್ಮ ಊರಿನ ಬಸ್ಸು ಹತ್ತಿದರು. ಅದೇ ಇನ್‌ಸ್ಪೆಕ್ಟರು ಬಂದು ಬಾವಿಗೆ ಬ್ಲೀಚಿಂಗ್ ಪುಡಿ ಸುರಿದು, ಬಾಗಿಲಿಗೆ ನೋಟೀಸು ಅಂಟಿಸಿದ. ಈ ಭೋಜನಶಾಲೆ ಮುಚ್ಚಿದೆ, ನಲ್ಲಿ ನೀರು ಮತ್ತು ಮುಚ್ಚಳವಿರುವ ಸಿಮೆಂಟ್ ತೊಟ್ಟಿ ಆಗುವ ತನಕ ತೆರೆಯಕೂಡದು.

ಎರಡು ತಿಂಗಳು ತಂಬಿಗೆ ಬರಿದಾಗಿತ್ತು, ಭಾವನ ಇಪ್ಪತ್ತೈದನ್ನು ಕೂಡಿಟ್ಟದ್ದರಲ್ಲೇ ಕಳಿಸಿದಳು. ನಲ್ಲಿ, ತೊಟ್ಟಿ ಎಂದರೆ ನಾನೂರು ರೂಪಾಯಿಯ ಮಾತು. ಬ್ಯಾಂಕಿಗೆ ಹೋದಳು. ಸಣ್ಣ ವ್ಯಾಪಾರಸ್ಥರಿಗೆ ಸಾಲ ಉಂಟು, ಲೈಸೆನ್ಸ್ ತನ್ನಿ ಎಂದರು. ಲೈಸೆನ್ಸಿಗೆ ಹೋದರೆ ಮೊದಲು ತೊಟ್ಟಿ ಕಟ್ಟಿಸಿ ಎಂದರು. ಭಾವನಿಗೆ ಕಾಗದ ಹಾಕಿದಳು. ಕಡುಬೂರಿಗೆ ಬಂದುಬಿಡು, ಇಲ್ಲಿ ಅಡಿಗೆಗೆ ಜನ ಬೇಕು ಎಂದು ಉತ್ತರ ಬಂತು. ಆ ಕಾರ್ಡು ಓದಿ ಆಕೆಗೆ ಅಳು ಬಂತು. ಮತ್ತೆ ಅದೇ ಒಲೆ, ಅದೇ ಓರಗಿತ್ತಿ. ಆದವಾನಿಯ ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು, ಹೋಗಲಿಕ್ಕೆ ಕಡುಬೂರಿನ ಆ ಒಂದು ದಾರಿ ಬಿಟ್ಟು ಬೇರೆ ಇರಲಿಲ್ಲ.

ಅಷ್ಟರಲ್ಲಿ ಊರಿಂದ ಮರಳಿದ ರಾಘಣ್ಣ ಒಂದು ಸುದ್ದಿ ತಂದ. ಹತ್ತಿ ವ್ಯಾಪಾರಿಗಳ ಸಂಘದವರು ರೋಗದಿಂದ ಮುಚ್ಚಿದ ಸಣ್ಣ ಹೋಟೆಲು, ಅಂಗಡಿಗಳಿಗೆ ಸಹಾಯ ಕೊಡುತ್ತಾರಂತೆ. ಸುದ್ದಿ ಹೇಳುವಾಗ ಆತನ ಮುಖ ಮಾತ್ರ ಬಾಡಿತ್ತು.

“ಅಕ್ಕಾ, ಆಫೀಸಿನಿಂದ ಮುಚ್ಚಿದ ಅಂಗಡಿ ಲಿಸ್ಟ್ ಹೋಗ್ಯದ. ನಿಮ್ಮ ಹೆಸರೂ ಅದ. ಅದರ ಜೋಡಿ ಆ ಹಳೇ ಕಾಗದಾನೂ ಹೋಗ್ಯದ.”

“ಹಂಗಾದ್ರ ನಂದು ಹೋಟೆಲ್ಲೋ, ಅಲ್ಲೋ?”

“ಮುಚ್ಚಲಿಕ್ಕೆ ಹೋಟೆಲ್, ಕೊಡಲಿಕ್ಕೆ ಅಲ್ಲ,” ಎಂದ ರಾಘಣ್ಣ. “ಮಾರ್ತೀನಿ ಅಂತ ನೀವೇ ಅಲ್ಲಿ ನಿಂತು ಹೇಳಿದ್ರ ಕೊಡ್ತಾರ. ಹೇಳಿದ್ರ ನಿಮ್ಮ ಭಾವ ಸುಮ್ನ ಬಿಡ್ತಾರೇನು?”

ಸಂಘದ ಪಡಸಾಲೆಯಲ್ಲಿ ಅಧ್ಯಕ್ಷ ಮರಿಬಸಪ್ಪನವರು ಗಾದಿಯ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದರು. ವೆಂಕೂಬಾಯಿಗಿಂತ ಮುಂಚೆ, ಸ್ಟೇಷನ್ ರಸ್ತೆಯಲ್ಲಿ ಮಂಡಕ್ಕಿಯ ಉಗ್ಗಾಣಿ, ಬಜ್ಜಿ ಮಾಡುವ ಪೀರಮ್ಮ ಎದ್ದಳು. ಮುನಿಸಿಪಾಲಿಟಿಗೆ ದಿನಾ ನಾಲ್ಕಾಣೆ ಕಟ್ಟಿದ ಚೀಟಿಗಳ ಗಂಟನ್ನು ಬಿಚ್ಚಿ ಅವರ ಮುಂದೆ ಸುರಿದಳು, ರೊಕ್ಕ ತೆಗೆದುಕೊಂಡಳು, ಕೂತಳು. ಎರಡು ನಿಮಿಷದ ಕೆಲಸ. ವೆಂಕೂಬಾಯಿಗೆ ಹೊಟ್ಟೆಕಿಚ್ಚಾಯಿತು.

ಮರಿಬಸಪ್ಪನವರು ಆ ಹಳೆಯ ಕಾಗದ ಹಿಡಿದು ತಲೆ ಕೆರೆದುಕೊಂಡರು. “ಅಮ್ಮಾರ, ನಮ್ಮ ಗುಮಾಸ್ತನೂ ನಿಮ್ಮಲ್ಲೇ ಉಣ್ತಾನ, ನನಗ ಗೊತ್ತೈತಿ. ಆದ್ರ ಇದರಾಗ ಬ್ಯಾರೆನ ಬರದೈತಿ. ಇದು ಹತ್ತು ಮಂದಿ ರೊಕ್ಕರಿ. ನೀವ ಬಾಯಿಬಿಟ್ಟು ಹೇಳ್ರಿ, ಏನು ಮಾಡ್ತೀರಿ?”

“ಊಟಕ್ಕ ಹಾಕ್ತೀನ್ರಿ.”

“ಪುಣ್ಯಕ್ಕೋ, ರೊಕ್ಕಕ್ಕೋ?”

ಯಾರೋ ನಕ್ಕರು. ವೆಂಕೂಬಾಯಿ ಸೆರಗನ್ನು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. ಹಿಂದಿನಿಂದ ಪೀರಮ್ಮ, “ಚೆಪ್ಪಮ್ಮಾ, ಪರವಾಲೇದು. ಹೇಳವ್ವಾ, ಏನಾಗಂಗಿಲ್ಲ. ನಾನೂ ಮಾರೂಕಿನ ಅಲ್ಲೇನು?” ಎಂದಳು.

“ಅನ್ನಾ ಮಾರ್ತೀನ್ರಿ,” ಎಂದಳು ವೆಂಕೂಬಾಯಿ. “ಹನ್ನೊಂದು ವರ್ಷ ಆತು.”

ಸಹಿ ಮಾಡಿ ನಾನೂರು ರೂಪಾಯಿ ತೆಗೆದುಕೊಂಡಳು. ಹದಿನೈದು ದಿನದಲ್ಲಿ ಹಿತ್ತಲಿಗೆ ನಲ್ಲಿ ಬಂತು, ತೊಟ್ಟಿ ಎದ್ದಿತು, ಇನ್‌ಸ್ಪೆಕ್ಟರು ತಾನೇ ನೋಟೀಸು ಕಿತ್ತು ಹಾಕಿದ. ಹನ್ನೆರಡರಲ್ಲಿ ಏಳು ಮಂದಿ ಮರಳಿದರು. ಐವರಿಗೆ ಮಾರಿದ ಅನ್ನ ಆಗಲಿಲ್ಲವಂತೆ. ಹನ್ನೊಂದು ವರ್ಷ ಪ್ರತಿ ಊಟದಲ್ಲೂ ಸಾರಿಗೆ ಮೂರು ಸಲ ಕೈಯೊಡ್ಡಿದ ಮೇಷ್ಟ್ರೊಬ್ಬರಿಗೇ ಎಲ್ಲರಿಗಿಂತ ಮೊದಲು ಮೈಲಿಗೆ ತಾಗಿತ್ತು!

ಊಟ ಮತ್ತೆ ಶುರುವಾದ ನಾಲ್ಕನೆಯ ದಿನ ಸೇತುಮಾಧವರು ಬಂದರು. ಭಾವ ಎಂದೂ ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡಿದವರಲ್ಲ, ಆಕೆಯೂ ಎದುರಿಗೆ ನಿಂತು ಉತ್ತರ ಕೊಟ್ಟವಳಲ್ಲ. ಆಕೆ ಅಡಿಗೆಮನೆಯ ಬಾಗಿಲ ಹಿಂದೆ ನಿಂತಳು, ಅವರು ಎದುರಿನ ಗೋಡೆಗೆ ಹೇಳಿದರು.

“ಇನ್ನ ಸ್ವಾಮಿಗಳು ಈ ಮನಿಗೆ ಭಿಕ್ಷಾಕ್ಕ ಬರೂದಿಲ್ಲ. ಮಠದಿಂದ ಹೇಳಿ ಕಳಿಸ್ಯಾರ. ದೀಪಾವಳಿ ಒಳಗ ಮನಿ ಖಾಲಿ ಆಗಬೇಕು. ಕಡುಬೂರಾಗ ಒಲಿ ಅದ, ಅನ್ನಕ್ಕೇನು ಕಡಿಮಿ ಇಲ್ಲ.”

ಆಮೇಲೆ ಹಿತ್ತಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿದರು, ತೊಟ್ಟಿಯ ಮುಚ್ಚಳ ಎತ್ತಿ ಬಗ್ಗಿ ನೋಡಿದರು. “ತೊಟ್ಟಿ ಛಲೋ ಆಗ್ಯದ,” ಎಂದು ಅದೇ ಗೋಡೆಗೆ ಹೇಳಿ, ನೀರೂ ಮುಟ್ಟದೆ ಹೋದರು.

ವೆಂಕೂಬಾಯಿ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ನೆಲಕ್ಕೆ ಕಚ್ಚಿ ಕಟ್ಟಿದ ಸಿಮೆಂಟು, ಹೊತ್ತುಕೊಂಡು ಹೋಗುವಂಥದ್ದಲ್ಲ. ಮಾನ ಬಿಟ್ಟು ತಂದ ರೊಕ್ಕ ಭಾವನ ಹಿತ್ತಲಿಗೇ ಸೇರಿತು. ಬಾಗಿಲ ಹಿಂದೆ ನಿಂತಾಗ ಹೇಳಬೇಕೆಂದುಕೊಂಡ ಒಂದು ಮಾತು ಹಾಗೇ ಎದೆಯಲ್ಲಿ ಉಳಿದು ಉರಿಯುತ್ತಿತ್ತು.

ತಿಂಗಳ ಮೊದಲ ದಿನ ಏಳು ಮಂದಿಯೂ ಉಂಡು ತಂಬಿಗೆಗೆ ಹಾಕಿದರು. ಆಕೆ ಹಿತ್ತಲಿಗೆ ಹೋಗಲಿಲ್ಲ, ಅಲ್ಲೇ ನಿಂತು ನೋಡಿದಳು. ಮರುದಿನ ಪೋಸ್ಟಾಫೀಸಿಗೆ ಹೋಗಿ ಎಂದಿನಂತೆ ಇಪ್ಪತ್ತೈದು ರೂಪಾಯಿ ಕಟ್ಟಿದಳು. ಕೆಳಗಿನ ಚೀಟಿಯಲ್ಲಿ ಈ ಸಲ ‘ದೇವರ ಕಾಣಿಕೆ’ ಎನ್ನಲಿಲ್ಲ. ಹೀಗೆ ಬರೆದಳು: ‘ಇದು ಅನ್ನ ಮಾರಿದ ರೊಕ್ಕ. ಹನ್ನೊಂದು ವರ್ಷ ಕಳಿಸಿದ್ದೂ ಇದೇ. ಬೇಡವಾದರೆ ತಿರುಗಿ ಕಳಿಸಬೇಕು.’

ಎಂಟು ದಿನ ಆಕೆಗೆ ಊಟ ಸೇರಲಿಲ್ಲ. ರೊಕ್ಕ ತಿರುಗಿ ಬಂದರೆ ಟ್ರಂಕು ಕಟ್ಟಬೇಕು. ಪೋಸ್ಟಿನ ಅಂಜಿನಪ್ಪನ ಸೈಕಲ್ಲು ಓಣಿಗೆ ಬಂದಾಗಲೆಲ್ಲ ಕೈಯಲ್ಲಿನ ಸೌಟು ಬಿಟ್ಟು ಹೊರಗೆ ಬರುವಳು. ಒಂಬತ್ತನೆಯ ದಿನ ಆತ ಸೈಕಲ್ಲು ನಿಲ್ಲಿಸಿದ. ಆತನ ಕೈಯಲ್ಲಿ ರೊಕ್ಕ ಇರಲಿಲ್ಲ, ಮುಟ್ಟಿತು ಎನ್ನುವ ಸಣ್ಣ ರಸೀದಿ ಇತ್ತು. ಅದರಲ್ಲಿ ಭಾವನವರ ಸಹಿ, ಪ್ರತಿ ತಿಂಗಳಿನ ಹಾಗೇ ದುಂಡಗೆ, ಕೆಳಗೊಂದು ಗೆರೆ ಎಳೆದು.

ದೀಪಾವಳಿ ಬಂತು, ಹೋಯಿತು. ಮನೆ ಖಾಲಿ ಮಾಡಿಸಲು ಯಾರೂ ಬರಲಿಲ್ಲ. ಆ ವರ್ಷ ಸ್ವಾಮಿಗಳು ಭಿಕ್ಷೆಗೆ ಮುಂದಿನ ಓಣಿಗೆ ಹೋದರು. ವೆಂಕೂಬಾಯಿ ಮೂಲೆಯಲ್ಲಿ ನಿಂತು ದೂರದಿಂದಲೇ ಕೈ ಮುಗಿದಳು, ಕಣ್ಣೊರೆಸಿಕೊಂಡಳು. ಸ್ವಾಮಿಗಳ ಹಿಂದೆ ಬೆಳ್ಳಿ ತಟ್ಟೆಯಲ್ಲಿ ತಾವು ಕೊಡುವ ದಕ್ಷಿಣೆ ಹಿಡಿದುಕೊಂಡು ಸೇತುಮಾಧವರು ನಡೆಯುತ್ತಿದ್ದರು.