ಪಾತಾಳದ ಕಥೆಗೆ ಕೊಟ್ಟ ಗ್ಲಾಸು

ಶರಾವತಿಗೆ ಆಗಿನ್ನೂ ಸೇತುವೆ ಇರಲಿಲ್ಲ. ಹೊನ್ನಾವರದಿಂದ ಕಾಸರಕೋಡಿಗೆ ಹೋಗುವವರು ತಾರಿಬಾಗಿಲಲ್ಲಿ ನಿಂತು ಲಾಂಚಿಗೆ ಕಾಯಬೇಕಿತ್ತು. ಅಲ್ಲೇ ಶನಿಯಾರನ ಸೋಡಾ ಅಂಗಡಿ. ಹರೆಯದಲ್ಲಿ ಅವನು ಮುಂಬಯಿಯ ಹೋಟೆಲೊಂದರ ಬಾರಿನಲ್ಲಿ ಗ್ಲಾಸು ತೊಳೆಯುತ್ತ ಕಾಕ್‌ಟೇಲ್ ಬೆರೆಸುವುದನ್ನು ಕಲಿತಿದ್ದ. ಓದುವ ಹುಚ್ಚು ಹಿಡಿದದ್ದೂ ಅಲ್ಲಿಯೇ. ಪಾನನಿರೋಧ ಬಂದು ಬಾರು ಮುಚ್ಚಿದಾಗ ಊರಿಗೆ ಮರಳಿದ. ಬರುವಾಗ ತಂದದ್ದು ಎರಡೇ: ಆ ಕೈಚಳಕ, ಮತ್ತು ಒಂದು ಟ್ರಂಕು ಕಾದಂಬರಿ.

ಎಲ್ಲವೂ ಮಾಯಾಲೋಕದ ಕಾದಂಬರಿಗಳು. ಲಾಂಚಿಗೆ ಕಾಯುವ ಶಾಲೆಮಕ್ಕಳ ಮುಖ ನೋಡಿ, ಯಾರಿಗೆ ಯಾವುದು ಹಿಡಿಸೀತು ಎಂದು ಅವನೇ ಹೇಳುತ್ತಿದ್ದ. ಪುಸ್ತಕಕ್ಕೆ ತಕ್ಕ ಒಂದು ಗ್ಲಾಸನ್ನೂ ಬೆರೆಸುತ್ತಿದ್ದ. ಹಾರುವ ಕುದುರೆಯ ಕಥೆಯಾದರೆ ಮೂಗಿಗೆ ಏರುವ ನಿಂಬೆಸೋಡಾ. ಪಿಶಾಚಿಯ ಕಥೆಗೆ ಕಾಳುಮೆಣಸಿನ ಪಾನಕ. ಪಾತಾಳದ ಕಥೆಗೆ ಕೆಂಪಗಿನ ಮುರುಗಲು ರಸ, ಜೊತೆಗೆ ಶುಂಠಿ. "ಕುಡ್ದು ಓದ್ರೆ ಆ ಲೋಕ ಬೇಗ ಕಾಣ್ತದೆ" ಎನ್ನುತ್ತಿದ್ದ. ಮಕ್ಕಳು ನಂಬುತ್ತಿದ್ದರು.

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದರೂ ಮುಂಬಯಿ ಕಾಲದ ಪಾನನಿರೋಧ ಇನ್ನೂ ಹೋಗಿರಲಿಲ್ಲ. ಬಂದರಿನ ಸಾಹುಕಾರನೊಬ್ಬ ತನ್ನ ಗೇರುಹಣ್ಣಿನ ಸಾರಾಯಿ ಬಾಟಲಿಯನ್ನು ಶನಿಯಾರನ ಅಂಗಡಿಯಲ್ಲಿ ಇಡಿಸಿದ್ದ. ಅಂಗಡಿಯ ಜಾಗ ಅವನದೇ. ಒಲ್ಲೆ ಎನ್ನಲು ಶನಿಯಾರನಿಗೆ ಧೈರ್ಯ ಸಾಲಲಿಲ್ಲ. ಪೊಲೀಸರು ಬಂದರೂ ಗೊತ್ತಾಗಬಾರದೆಂದು ಅದಕ್ಕೆ ಮುರುಗಲು ಬೆರೆಸಿ ಕೆಂಪು ಮಾಡಿ, ಹಲಗೆಯ ಕೆಳಗೆ ಇಟ್ಟಿದ್ದ.

೧೯೬೧ರ ಮಾಘ ಮಾಸದ ಒಂದು ಮಧ್ಯಾಹ್ನ ಕಮಲಿ ಬಂದಳು. ಬಂದರಿನಲ್ಲಿ ಹಂಚು ಹೊರುವ ಗಂಗೆಯ ಮಗಳು, ಶಾಲೆಯಲ್ಲಿ ಆರನೇ ಇಯತ್ತೆ. ನದಿಯ ತಳದಲ್ಲಿ ಒಂದು ಪಟ್ಟಣ, ನೀರು ಇಳಿದಾಗ ಅದರ ಬಾಗಿಲು ತೆರೆಯುತ್ತದೆ ಎಂಬ ಕಾದಂಬರಿಯನ್ನು ಶನಿಯಾರ ಅವಳಿಗಾಗಿಯೇ ತೆಗೆದಿಟ್ಟಿದ್ದ. ಅವನಿಗೆ ಅಂದು ಜೋರು ನೆಗಡಿ. ಲಾಂಚು ಬರುವ ಗಡಿಬಿಡಿ ಬೇರೆ. ಗ್ಲಾಸು ತುಂಬಿ ಕೊಟ್ಟ.

"ಮಾವ, ಇವತ್ತೆಂತಕ್ಕೆ ಇಷ್ಟು ಖಾರ?" ಎಂದಳು ಕಮಲಿ.

"ಪಾತಾಳ ಅಂದ್ರೆ ಹಂಗೇ ಮಗಾ. ಕಣ್ಮುಚ್ಚಿ ಕುಡಿ" ಎಂದು ನಕ್ಕ.

ಅವಳು ಕುಡಿದು, ಪುಸ್ತಕ ಹಿಡಿದು ನದಿಯ ದಂಡೆಯ ಕಡೆ ಹೋದಳು.

ಬಿಸಿಲು ಇಳಿಯುವ ಹೊತ್ತಿಗೆ ಗಂಗೆ ಓಡುತ್ತ ಬಂದಳು. "ಶನಿಯಾರಣ್ಣ, ನನ್ನ ಹುಡ್ಗಿ ಬಂದಿತ್ತಾ? ಶಾಲೆಯಲ್ಲೂ ಇಲ್ಲ, ಮನೆಗೂ ಬರ್ಲಿಲ್ಲ."

"ಮಧ್ಯಾಹ್ನ ಬಂದಿತ್ತು. ಅಜ್ಜಿ ಮನೆಗೆ ದಾಟಿರ್ಬೇಕು" ಎಂದ ಶನಿಯಾರ. ಗಂಗೆ ಲಾಂಚು ಹತ್ತಿ ಕಾಸರಕೋಡಿಗೆ ಹೋದಳು.

ಅವಳು ಹೋದ ಮೇಲೆ ಅವನು ಬಾಟಲಿಗಳನ್ನು ಒರೆಸಿ ಇಡತೊಡಗಿದ. ಹಲಗೆಯ ಮೇಲಿದ್ದ ಮುರುಗಲು ಬಾಟಲಿ ಹಗುರ ಎನಿಸಿತು. ಬೂಚು ತೆಗೆದು ನಾಲಿಗೆಗೆ ಒಂದು ಹನಿ ಬಿಟ್ಟುಕೊಂಡ. ಗಂಟಲು ಸುಟ್ಟಿತು. ಬಗ್ಗಿ ಕೆಳಗೆ ನೋಡಿದರೆ ಅಲ್ಲಿ ಕೂತಿದ್ದದ್ದು ಬರೀ ಮುರುಗಲು. ಬೆಳಿಗ್ಗೆ ಸಾಹುಕಾರನಿಗೆ ಒಂದು ಗ್ಲಾಸು ಬಗ್ಗಿಸಿ ಕೊಟ್ಟು ತಿರುಗಿ ಇಡುವಾಗ ಬಾಟಲಿ ಅದಲುಬದಲಾಗಿತ್ತು.

ಸಾರಾಯಿ ಕುಡಿದ ಹುಡುಗಿ, ನದಿಯೊಳಗೆ ಬಾಗಿಲಿದೆ ಎನ್ನುವ ಪುಸ್ತಕ. ಎರಡನ್ನೂ ಕೊಟ್ಟವನು ತಾನೇ. ಶನಿಯಾರ ಅಂಗಡಿಯನ್ನು ತೆರೆದೇ ಬಿಟ್ಟು ದಂಡೆಗೆ ಓಡಿದ. ಬಂಡೆಗಳ ಸಂದಿಯಲ್ಲಿ ಪುಸ್ತಕ ಮಗುಚಿ ಬಿದ್ದಿತ್ತು, ಹಾಳೆಗಳು ನೆನೆದು ಉಬ್ಬಿದ್ದವು. ಕಮಲಿ ಇರಲಿಲ್ಲ. ಉಬ್ಬರ ಶುರುವಾಗಿತ್ತು.

"ಕಮಲೀ" ಎಂದು ಕೂಗಿದ. ತಾರಿಯ ಕಡೆ ತಿರುಗಿ ಓಡಿದ.

ಲಾಂಚು ತಿರುಗಿ ಬಂತು. ಗಂಗೆ ಒಬ್ಬಳೇ ಇಳಿದಳು. ತಾರಿಯಲ್ಲಿ ಜನ ಸೇರಿದರು. ಒಬ್ಬರು ಪೇಟೆ ರಸ್ತೆಗೆ ಹೋಗೋಣ ಎಂದರು, ಇನ್ನೊಬ್ಬರು ಹೊಳೆಯಾಚೆಯ ಅಪ್ಸರಕೊಂಡದ ಕಡೆ ಎಂದರು. ಹವಾಲ್ದಾರನೂ ಬಂದು ನಿಂತಿದ್ದ. ಶನಿಯಾರನಿಗೆ ಅವನ ಬೆಲ್ಟಿನ ಹಿತ್ತಾಳೆ ಮಾತ್ರ ಕಾಣುತ್ತಿತ್ತು. ಬಾಯಿ ಬಿಟ್ಟರೆ ಜೈಲು. ಬಿಡದಿದ್ದರೆ ಇವರೆಲ್ಲ ಎಲ್ಲೆಲ್ಲೋ ಹುಡುಕುತ್ತಾರೆ, ನೀರು ಏರುತ್ತದೆ.

"ಗಂಗೆ" ಎಂದ. "ನಾನು ಹುಡ್ಗಿಗೆ ಸಾರಾಯಿ ಕುಡ್ಸಿದೆ. ತಪ್ಪಿ ಆತು. ಬಾಟ್ಲಿ ತಪ್ಪಿತು. ಪುಸ್ತಕ ದಂಡೆ ಮೇಲೆ ಬಿದ್ದದೆ."

ಗಂಗೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಕೆನ್ನೆಗೆ ಹೊಡೆದಳು. ಹೊಡೆದ ಕೈಯಲ್ಲೇ ಅವನ ಅಂಗಿ ಹಿಡಿದು, "ಎಲ್ಲಿ? ಎಲ್ಲಿ ಹೋತು?" ಎಂದು ಕೂಗಿದಳು.

ದೋಣಿ ನಡೆಸುವ ಮುದುಕ ಹಮ್ಮ ಅವರನ್ನು ಬಿಡಿಸಿದ. "ಕುಡ್ದವ್ರು ದೂರ ಹೋಗುದಿಲ್ಲ. ನೆಳ್ಳು ಕಂಡಲ್ಲಿ ಬಿದ್ಕೊಳ್ತಾರೆ. ದೋಣಿ ನೋಡಿ, ದೋಣಿ!"

ಎಲ್ಲರೂ ದಂಡೆಗೆ ಓಡಿದರು. ಕಟ್ಟಿದ ದೋಣಿಗಳಲ್ಲಿ ಯಾರೂ ಇಲ್ಲ. ಬಂಡೆಗಳಾಚೆ ಡಾಂಬರು ಬಳಿಯಲೆಂದು ಮಗುಚಿ ಹಾಕಿದ ಹಳೆಯ ದೋಣಿಯೊಂದಿತ್ತು. ಒಂದು ಮಗ್ಗುಲು ಕಲ್ಲಿನ ಮೇಲೆ ಎತ್ತಿಟ್ಟದ್ದು. ನೀರು ಆಗಲೇ ಅದರ ಕೆಳಗೆ ನುಗ್ಗಿತ್ತು. ಅಲ್ಲಿಂದ ಒಂದು ಪುಟ್ಟ ಕಾಲು ಹೊರಗೆ ಕಾಣುತ್ತಿತ್ತು.

ಶನಿಯಾರ ನೋಡಲಾಗದೆ ಮುಖ ಮುಚ್ಚಿಕೊಂಡ. ನಾಲ್ಕಾರು ಜನ ಐಸಾ ಎಂದು ದೋಣಿ ಎತ್ತುವ ಸದ್ದು ಕೇಳಿತು. ಅದಾದ ಮೇಲೆ ಯಾರೋ ವಾಂತಿ ಮಾಡುವ ಸದ್ದು, ಬಳಿಕ ಮಗುವಿನ ಅಳು.

ಕಮಲಿ ಬದುಕಿದ್ದಳು. ನೀರು ಅವಳ ಕಿವಿಯ ತನಕ ಬಂದಿತ್ತು. ಗಂಗೆ ಮಗಳನ್ನು ಸೊಂಟಕ್ಕೇರಿಸಿ, ಯಾರ ಮುಖವನ್ನೂ ನೋಡದೆ ನಡೆದಳು.

ಹವಾಲ್ದಾರ ಬಾಟಲಿಯನ್ನು ವಶಕ್ಕೆ ತೆಗೆದುಕೊಂಡ. ಸಾಹುಕಾರ ತನಗೇನೂ ಗೊತ್ತಿಲ್ಲ ಎಂದ. ಶನಿಯಾರ ಕೆಲವು ತಿಂಗಳು ಕಾರವಾರದ ಜೈಲಿನಲ್ಲಿದ್ದು ಬಂದ. ಅಷ್ಟರಲ್ಲಿ ಅಂಗಡಿ ಬೇರೆಯವರದಾಗಿತ್ತು. ಹೆಂಡತಿ ಹೊನ್ನಿಯೊಡನೆ ತೆಂಗಿನ ನಾರು ಹೊಸೆದು ಬದುಕಿದ. ಕೇಳಿದ ಮಕ್ಕಳಿಗೆ ಕಾದಂಬರಿ ಹೇಳುತ್ತಿದ್ದ, ಕೊಡುತ್ತಲೂ ಇದ್ದ. ಆದರೆ ಯಾರಿಗೂ ತನ್ನ ಕೈಯಾರೆ ಕುಡಿಯಲು ಏನನ್ನೂ ಕೊಡುತ್ತಿರಲಿಲ್ಲ. ಬಂದವರಿಗೆ ಹೊನ್ನಿಯೇ ನೀರು ತರಬೇಕು. "ಕೈ ನಡುಗ್ತದೆ ಇವ್ರಿಗೆ" ಎಂದು ಅವಳು ನೆರೆಯವರಿಗೆ ಹೇಳುತ್ತಿದ್ದಳು.

ಮರುವರ್ಷದ ಬೇಸಿಗೆಯಲ್ಲಿ ಗಂಗೆ ಹಂಚಿನ ಕೆಲಸ ಮುಗಿಸಿ ಅವರ ಮನೆಯ ಮುಂದೆ ಹೋಗುವಾಗ ನಿಂತಳು. ಅಂದಿನಿಂದ ಅವರಿಬ್ಬರೂ ಮಾತಾಡಿರಲಿಲ್ಲ.

"ಒಂದು ಚೊಂಬು ನೀರು" ಎಂದಳು.

ಹೊನ್ನಿ ಮನೆಯಲ್ಲಿರಲಿಲ್ಲ. ಶನಿಯಾರ ಒಳಗೆ ಹೋಗಿ ಕೊಡದಿಂದ ನೀರು ಬಗ್ಗಿಸಿದ. ಮೊದಲು ಬೊಗಸೆಯಲ್ಲಿ ತಾನು ಕುಡಿದು ನೋಡಿದ. ಹೊರಗೆ ಬರುವಷ್ಟರಲ್ಲಿ ಅರ್ಧ ನೀರು ಅವನ ಪಂಚೆಯ ಮೇಲೆ ಚೆಲ್ಲಿತ್ತು. ಗಂಗೆ ಚೊಂಬು ಎತ್ತಿ, ಉಳಿದದ್ದನ್ನು ಗಟಗಟ ಕುಡಿದಳು.

"ಕಮಲಿ ಏಳ್ನೇ ಇಯತ್ತೆ ಪಾಸಾತು" ಎಂದು ಹೇಳಿ, ಸಿಂಬಿಯನ್ನು ತಲೆಗೆ ಸರಿಮಾಡಿಕೊಂಡು ಹೊರಟಳು.