ವೇದವ್ಯಾಸನ ಬೀಳ್ಕೊಡುಗೆ ಶಾಲುಗಳು

ಹಿರೇಕೆರೂರಿನ ಒಂದು ಸರ್ಕಾರಿ ಕಚೇರಿಯ ಗುಮಾಸ್ತ ವೇದವ್ಯಾಸನ ಮನೆತನಕ್ಕೆ ಓದಿನ ಹುಚ್ಚು ಎಷ್ಟೆಂದರೆ, ಅವರ ಮನೆಯ ಬೆಕ್ಕು ಕೂಡ ಶ್ಲೋಕ ಕೇಳದೆ ಹಾಲು ಮುಟ್ಟುತ್ತಿರಲಿಲ್ಲ. ಅಂಥವನಿಗೆ ಧಾರವಾಡದಲ್ಲಿ ಎಂ.ಎ. ಓದಲು ಇಲಾಖೆಯ ವಿದ್ಯಾರ್ಥಿವೇತನ ಸಿಕ್ಕಿತು. ಶುಲ್ಕ ಸರ್ಕಾರದ್ದು, ಪಗಾರವೂ ನಿಲ್ಲುವುದಿಲ್ಲ. ತಿಂಗಳೊಳಗೆ ಕಾಲೇಜು ಸೇರದಿದ್ದರೆ ಮಾತ್ರ ಅವಕಾಶ ಮುಂದಿನವರ ಪಾಲು. ಬೇಕಾದದ್ದು ಒಂದೇ: ಕಚೇರಿಯಿಂದ ಬಿಡುಗಡೆ ಮಾಡುವ ಸಾಹೇಬರ ಸಹಿ.

ಸಾಹೇಬರು ಕರಬಸಪ್ಪನವರಿಗೆ ಬೀಳ್ಕೊಡುಗೆ ಭಾಷಣವೆಂದರೆ ಪ್ರಾಣ. ಹಾರ, ಶಾಲು, ಮಂಡಕ್ಕಿ, ಮಿರ್ಚಿ ಆಗದೆ ಪೆನ್ನು ತೆಗೆಯುವವರಲ್ಲ. ವೇದವ್ಯಾಸನಿಗೆ ಶಾಲು ಹೊದಿಸಿ ಹೊಗಳತೊಡಗಿದರು. ಹೊಗಳುತ್ತ ಹೊಗಳುತ್ತ ತಮ್ಮ ಮಾತನ್ನು ತಾವೇ ನಂಬಿ ಅತ್ತರು. ಆ ಕಣ್ಣೀರಿಗೆ ಊರ ಕೆರೆ ಕೋಡಿ ಬಿತ್ತು.

"ಇಂಥಾ ರತ್ನ ಹೋದ್ರ ಕಚೇರಿ ಉಳೀತದೇನ್ರಿ? ಆಚಾರ್ರ, ನಿಮ್ಮನ್ನ ಬಿಡಂಗಿಲ್ಲ" ಎಂದು ಪೆನ್ನನ್ನು ಕಿಸೆಗೆ ಇಳಿಸಿದರು.

ವಾರಕ್ಕೊಮ್ಮೆ ಸಾಹೇಬರ ಮನಸ್ಸು ಕರಗುವುದು, ಮತ್ತೆ ಸಮಾರಂಭ, ಮತ್ತೆ ಶಾಲು, ಮತ್ತೆ ಅಳು. ಮನೆಯಲ್ಲಿ ಕಪಾಟಿನ ಬಾಗಿಲು ಮುಚ್ಚದಾಯಿತು.

"ಇನ್ನೊಂದ ಸಲ ನಿಮ್ಮನ್ನ ಬೀಳ್ಕೊಟ್ರ ಹಂಸಭಾವ್ಯಾಗ ಶಾಲಿನ ಅಂಗಡಿ ಇಡೂಣು" ಎಂದಳು ಹೆಂಡತಿ ಸುಮೇಧಾ.

ತಿಂಗಳು ಮುಗಿಯುವ ಮುನ್ನಾದಿನ ವೇದವ್ಯಾಸ ಪಕ್ಕದ ಮೇಜಿನ ನಸೀರಾಳ ಮೊರೆಹೊಕ್ಕ. "ಸಾಹೇಬ್ರು ಏಳೂಕ್ಕಿಂತ ಮೊದಲ ನೀವು ಎದ್ದು ನನ್ನ ಬೈದು ಬಿಡ್ರಿ. ಹೊಗಳದಿದ್ರ ಅಳಂಗಿಲ್ಲ, ಅಳದಿದ್ರ ಸಹಿ ಹಾಕ್ತಾರ."

"ನಿಮ್ಮನ್ನ ಬೈಯಾಕ ತಯಾರಿ ಏನ ಬೇಕ್ರಿ?" ಎಂದಳು ಆಕೆ.

ಸಮಾರಂಭದಲ್ಲಿ ಮಾತು ಉಳಿಸಿಕೊಂಡಳು. "ಉಂಡು ಕುಂತ್ರ ಆಚಾರ್ರ ಗೊರಕಿ ಸವಣೂರಿನ ತನಕ ಕೇಳತೈತ್ರಿ. ಹಂಸಭಾವಿ ಅರ್ಜಿ ಹತ್ತಿಮತ್ತೂರಿಗೆ ಕಳಿಸ್ತಾರ. ಅದು ಅಲ್ಲೇ ಸಂಸಾರ ಹೂಡತೈತಿ."

ವೇದವ್ಯಾಸ ಒಳಗೊಳಗೇ ಹಿಗ್ಗಿದ. ಕರಬಸಪ್ಪನವರ ಕಣ್ಣು ಒಣಗಿತು.

"ಹಂಗಾದ್ರ ಇಂಥಾವ್ರನ್ನ ಸರ್ಕಾರದ ಖರ್ಚಿನ್ಯಾಗ ಓದಾಕ ಕಳಸೂದು ಪಾಪ. ಪಟ್ಟಿಯೊಳಗ ಮುಂದಿನವರು ಯಾರು?"

"ನಾನ ರೀ" ಎಂದಳು ನಸೀರಾ.

ಸಾಹೇಬರು ಆಕೆಯನ್ನು ಹೊಗಳಲು ಬಾಯಿ ತೆರೆದರು. ಕಚೇರಿಯ ಅರ್ಧ ಕೆಲಸ ಆಕೆಯ ಮೇಜಿನ ಮೇಲೇ ಆಗುತ್ತಿತ್ತು. ಆದರೆ ಅವರಿಗೆ ಒಂದು ಮಾತೂ ಹೊಳೆಯಲಿಲ್ಲ. ಮಾತಿಲ್ಲದೆ ಅಳುವುದು ಹೇಗೆ? ಸುಮ್ಮನೆ ಸಹಿ ಹಾಕಿದರು.

ಮರುದಿನ ನಸುಕಿನಲ್ಲಿ ಹಾವೇರಿ ಬಸ್ಸು ಹೊರಡುವಾಗ ವೇದವ್ಯಾಸ ಏದುತ್ತ ಬಂದು, ಮಡಿಕೆ ಬಿಚ್ಚದ ಒಂದು ಶಾಲನ್ನು ಕಿಟಕಿಯೊಳಗೆ ಚಾಚಿದ.

"ಬ್ಯಾಡ್ರಿ ಆಚಾರ್ರ" ಎಂದು ನಸೀರಾ ಗಾಜು ಎಳೆದುಕೊಂಡಳು. "ಅದನ್ನ ಹೊದ್ದರ ಬಸ್ಸು ಬಿಡಂಗಿಲ್ಲ."