ಹತ್ತೂ ಟೈರು ಬಡಿಯುತ್ತಿದ್ದವನು

ಮಾನ್ವಿಯಲ್ಲಿ ಎಚ್‌ಐವಿ ಪರೀಕ್ಷೆಗೆ ಬಂದವರಿಗೆ ತಿಳಿಹೇಳುವುದು ನನ್ನ ಕೆಲಸ. ಪೋತ್ನಾಳದ ಲಾರಿ ಡ್ರೈವರನೊಬ್ಬ ಬರುತ್ತಿದ್ದ. ಹೋದ ಊರಲ್ಲೆಲ್ಲ ಹೆಂಗಸರ ಸಹವಾಸ. ನಿರೋಧ್ ಮಾತ್ರ ಮುಟ್ಟುತ್ತಿರಲಿಲ್ಲ. ಎಷ್ಟು ಹೇಳಿದರೂ ಮೀಸೆ ತೀಡುತ್ತ ಒಂದೇ ಮಾತು: “ಏನ್ ಮಾಡ್ಲಿರಿ ಮೇಡಂ, ನನ್ನ ಸ್ವಭಾವಾನ ಹಂಗ ಅದ. ತಡಕೊಳ್ಳಾಕ ಆಗಂಗಿಲ್ಲ.”

ಸ್ವಭಾವವಂತೆ! ಅಕ್ಕಿ ಹೇರಿದ ಗಾಡಿ ತೆಗೆಯುವ ಮುನ್ನ ಹತ್ತೂ ಟೈರುಗಳನ್ನು ರಾಡಿನಿಂದ ಬಡಿದು, ಸದ್ದಿಗೆ ಕಿವಿಗೊಟ್ಟು, ಗಾಳಿ ಸರಿಯಿದೆಯೆಂದು ಖಾತ್ರಿ ಮಾಡಿಕೊಳ್ಳುವ ಮನುಷ್ಯ ಅವನು. ಅದಕ್ಕೆ ಎಲ್ಲಿಂದ ಬರುತ್ತಿತ್ತು ಅಷ್ಟು ತಾಳ್ಮೆ?

ಅವನ ಸೋಂಕು ಹೆಂಡತಿಗೂ ತಗುಲಿದೆಯೆಂದು ಇಬ್ಬರನ್ನೂ ಕೂರಿಸಿ ತಿಳಿಸಿದ ದಿನವೂ ಅದೇ ಮಾತು ಹೇಳಿ ಎದ್ದು ಹೋದ. ಆಕೆ ನನ್ನೆದುರು ಕುಳಿತೇ ಇದ್ದಳು. ಗೇಟಿನ ಹತ್ತಿರ ನಿಲ್ಲಿಸಿದ್ದ ಅವನ ಲಾರಿಯ ಕಡೆಯಿಂದ ರಾಡಿನ ಸದ್ದು ಶುರುವಾಯಿತು.

“ಟೈರ್ ಬಡಿಯೂದು ಒಂದಿನಾನೂ ಮರ್ತಿಲ್ರಿ,” ಎಂದಳು.